ಮಧುನಾಶಿನಿ ಎಲೆ ಮತ್ತು ಸಕ್ಕರೆ ರೋಗ



ಚಿಕ್ಕೋಡಿ, ರಾಯಬಾಗ, ಅಥಣಿಯ ಕಬ್ಬಿನ ಸೀಮೆಯಲ್ಲಿ ಬೆಲ್ಲದ ರುಚಿ ಅರಿಯದವರು ಯಾರು? ಆದರೆ ಮಧುನಾಶಿನಿ ಬಳ್ಳಿಯ ಎಲೆ ಅಗಿದು ಬೆಲ್ಲ ಬಾಯಿಗಿಟ್ಟರೆ ಮಣ್ಣು ತಿಂದಂತಾಗುವುದು. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಗೆ ಸಿಹಿ ಅರಿಯುವುದನ್ನು ಸ್ವಲ್ಪ ಹೊತ್ತು ತಡೆಯುತ್ತವೆ. ನಾಲಗೆಗೆ ತಿಳಿಯದಿದ್ದರೂ ಆ ಬೆಲ್ಲ ರಕ್ತ ಸೇರುವುದು ತಪ್ಪದು.

ಈ ಎಲೆ ರಕ್ತದ ಸಕ್ಕರೆಯನ್ನೂ ಇಳಿಸೀತೆಂದು ಕೆಲವು ಪ್ರಯೋಗಗಳು ತೋರಿಸಿವೆ. ಪುರಾವೆ ಇನ್ನೂ ಸಾಲದು. ಗಿಡದಿಂದ ಮದ್ದು ಹುಟ್ಟುವುದೇನೋ ನಿಜವೇ. 1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ಬಳಕೆಗೆ ತಂದ ಮೆಟ್‌ಫಾರ್ಮಿನ್, ಗೆಲೀಗಾ ಗಿಡದ ಸತ್ವಕ್ಕೆ ಬಂಧು. ಆದರೆ ಆ ಗಿಡವನ್ನೇ ಮೇಯ್ದರೆ ಕುರಿಗಳು ಸಾಯುವುದುಂಟು!

ಆದುದರಿಂದ ಎಲೆಯನ್ನು ನಂಬಿ ಗುಳಿಗೆ, ಇನ್ಸುಲಿನ್ ಬಿಡಬೇಡಿರಿ. ವೈದ್ಯರಿಗೆ ತಿಳಿಸದೆ ಎರಡನ್ನೂ ಕೂಡಿಸಲೂ ಬೇಡಿರಿ. ಸಕ್ಕರೆ ತೀರ ಇಳಿದು ಬೆವರು, ನಡುಕ ಬರಬಹುದು. ಹಾಗಾದಾಗ ಎಚ್ಚರವಿರುವ ರೋಗಿಗೆ, ಸಿಹಿ ತಿಳಿಯದಿದ್ದರೂ, ಕೂಡಲೇ ಸಕ್ಕರೆ ತಿನ್ನಿಸಿ ದವಾಖಾನೆಗೆ ಕರೆದೊಯ್ಯಿರಿ.