ಡೈನೊಸಾರ್ ಕಾಲದ ಸಹಪ್ರಯಾಣಿಕ

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಡ್ರಮ್‌ಹೆಲರ್ ಎಂಬ ಸಣ್ಣ ಊರಿದೆ. ಅಲ್ಲಿನ ರಾಯಲ್ ಟಿರೆಲ್ ಮ್ಯೂಸಿಯಂನಲ್ಲಿ ಬೋರಿಯಲೊಪೆಲ್ಟಾ ಎಂಬ ಡೈನೊಸಾರಿನ ಮುಂದೆ ನಿಂತವರು ಬೇಗ ಕದಲುವುದಿಲ್ಲ. ಮ್ಯೂಸಿಯಂಗಳಲ್ಲಿ ನಾವು ನೋಡಿ ರೂಢಿಯಾದದ್ದು ಮೂಳೆಗಳ ಹಂದರ. ಇಲ್ಲಿ ಮೈಮೇಲಿನ ಕವಚದ ಬಿಲ್ಲೆಗಳು, ಬಿಲ್ಲೆಗಳ ನಡುವಿನ ಚರ್ಮ, ಹೆಗಲಿನ ಉದ್ದ ಮುಳ್ಳು, ಎಲ್ಲವೂ ಇದ್ದ ಜಾಗದಲ್ಲೇ ಕಲ್ಲಾಗಿವೆ. ಸಿಕ್ಕಿರುವುದು ದೇಹದ ಮುಂಭಾಗ ಮಾತ್ರ, ಆದರೂ ಇಡೀ ಪ್ರಾಣಿಯೇ ಮಲಗಿದೆಯೇನೋ ಅನಿಸುತ್ತದೆ.

2011ರ ಮಾರ್ಚ್‌ನಲ್ಲಿ ಉತ್ತರ ಆಲ್ಬರ್ಟಾದ ತೈಲಮರಳಿನ ಗಣಿಯೊಂದರಲ್ಲಿ ಅಗೆಯುವ ಯಂತ್ರ ನಡೆಸುತ್ತಿದ್ದ ಶಾನ್ ಫಂಕ್ ಎಂಬ ಕೆಲಸಗಾರರಿಗೆ ಬಣ್ಣ ಬೇರೆಯಾಗಿದ್ದ ಒಂದು ಕಲ್ಲು ಕಂಡಿತು. ಅವರು ಯಂತ್ರ ನಿಲ್ಲಿಸಿದರು. ಆ ಕಲ್ಲಿನಿಂದ ಪ್ರಾಣಿಯನ್ನು ಬಿಡಿಸಲು ಮ್ಯೂಸಿಯಂನ ಮಾರ್ಕ್ ಮಿಚೆಲ್ ಅವರಿಗೆ ಸುಮಾರು 7,000 ಗಂಟೆ ಬೇಕಾಯಿತು. ಜಾತಿಯ ವೈಜ್ಞಾನಿಕ ಹೆಸರಿನ ಎರಡನೆಯ ಭಾಗದಲ್ಲಿ ಅವರ ಹೆಸರೇ ಇದೆ. ಸತ್ತ ಪ್ರಾಣಿ ತೇಲಿಕೊಂಡು ಹೋಗಿ ಸಮುದ್ರದ ತಳ ಸೇರಿ, ಬೇಗನೆ ಕೆಸರಿನಲ್ಲಿ ಹೂತುಹೋದ್ದರಿಂದ ಹೀಗೆ ಉಳಿದುಕೊಂಡಿತು. ಬೆನ್ನು ಕೆಂಪು ಮಿಶ್ರಿತ ಕಂದು, ಹೊಟ್ಟೆ ತಿಳಿಬಣ್ಣ ಎಂಬುದು ಚರ್ಮದ ರಾಸಾಯನಿಕ ಪರೀಕ್ಷೆಯಿಂದ ತಿಳಿದಿದೆ. ಸಾಯುವ ಮುನ್ನ ಅದು ತಿಂದದ್ದು ಬಹುಪಾಲು ಜರೀಗಿಡದ ಎಲೆ ಎಂಬುದೂ ಹೊಟ್ಟೆಯೊಳಗಿನ ಉಳಿಕೆಯಿಂದ ಗೊತ್ತಾಗಿದೆ.

ಈ ಪ್ರಾಣಿ ಬದುಕಿದ್ದು ಸುಮಾರು 11 ಕೋಟಿ ವರ್ಷಗಳ ಹಿಂದೆ. ಅದು ಜರೀಗಿಡ ಮೇಯುತ್ತಿದ್ದ ಹೊತ್ತಿಗೆ ಇನ್ನೊಂದು ಕುಲ ಭೂಮಿಯ ಮೇಲೆ ಆಗಲೇ ಹುಟ್ಟಿತ್ತು. ಬೋರಿಯಲೊಪೆಲ್ಟಾದ ಬಳಗ ಅಳಿದು ಎಷ್ಟೋ ಕೋಟಿ ವರ್ಷವಾಯಿತು. ಆ ಇನ್ನೊಂದು ಕುಲದವರು ಮಾತ್ರ ಇಂದಿಗೂ ಇದ್ದಾರೆ, ಡೈನೊಸಾರ್ ನೋಡಲು ಹೋದವರು ರಾತ್ರಿ ಮಲಗುವ ಹಾಸಿಗೆಯಲ್ಲೂ ಇರಬಹುದು. ಅವು ತಿಗಣೆಗಳು.

ತಿಗಣೆಗಳು ಮೊದಲು ಬಾವಲಿಗಳ ರಕ್ತ ಹೀರಿ ಬದುಕುತ್ತಿದ್ದವು, ಗುಹೆಯಲ್ಲಿ ಮನುಷ್ಯ ವಾಸಿಸತೊಡಗಿದಾಗ ಅವನ ಮೈಗೆ ಬಂದವು ಎಂದು ಬಹಳ ಕಾಲ ನಂಬಲಾಗಿತ್ತು. ಇದನ್ನು ಪರೀಕ್ಷಿಸಲು ಸ್ಟೆಫೆನ್ ರೋಟ್, ಕ್ಲಾಸ್ ರೈನ್‌ಹಾರ್ಟ್, ಮೈಕ್ ಸಿವಾ-ಜೋತಿ ಮೊದಲಾದ ವಿಜ್ಞಾನಿಗಳು 15 ವರ್ಷ ಶ್ರಮಪಟ್ಟು ಹಲವು ದೇಶಗಳಿಂದ ತಿಗಣೆ ಕುಲದ 34 ಜಾತಿಗಳ ಮಾದರಿ ಕೂಡಿಸಿದರು. ಅವುಗಳ ಡಿಎನ್‌ಎ ಹೋಲಿಸಿ, ಪಳೆಯುಳಿಕೆಗಳ ಕಾಲದೊಂದಿಗೆ ತಾಳೆ ನೋಡಿ, ಯಾವ ಕವಲು ಯಾವಾಗ ಒಡೆಯಿತು ಎಂದು ಲೆಕ್ಕ ಹಾಕಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ಕಥೆಯನ್ನು ತಲೆಕೆಳಗು ಮಾಡಿತು. ಕುಲದ ಮೂಲ ಸುಮಾರು 11.5 ಕೋಟಿ ವರ್ಷದಷ್ಟು ಹಿಂದಿನದು. ಬಾವಲಿಯ ಅತಿ ಹಳೆಯ ಪಳೆಯುಳಿಕೆಗಳೇ 5.2 ಕೋಟಿ ವರ್ಷದ ಆಸುಪಾಸಿನವು. ಮನುಷ್ಯನನ್ನು ಕಚ್ಚುವ ಎರಡು ಮುಖ್ಯ ಜಾತಿಗಳಾದ ತಂಪು ದೇಶಗಳ ತಿಗಣೆ ಮತ್ತು ನಮ್ಮಂಥ ಉಷ್ಣವಲಯದ ತಿಗಣೆ ಸುಮಾರು 4.7 ಕೋಟಿ ವರ್ಷಗಳ ಹಿಂದೆಯೇ ಬೇರೆಯಾಗಿವೆ. ಆಗ ಮನುಷ್ಯನಿರಲಿ, ಮನುಷ್ಯನನ್ನು ಹೋಲುವ ಯಾವುದೂ ಇರಲಿಲ್ಲ.

ಹಾಗಾದರೆ ಮೊದಲ ತಿಗಣೆಗಳು ಕುಡಿದದ್ದು ಡೈನೊಸಾರ್ ರಕ್ತವನ್ನೇ? ಆ ಸಂಶೋಧಕರು ಇದನ್ನು ಒಪ್ಪುವುದಿಲ್ಲ, ಮತ್ತು ಅವರು ಕೊಡುವ ಕಾರಣ ನನಗೆ ಇಡೀ ಅಧ್ಯಯನದಲ್ಲೇ ಹೆಚ್ಚು ಬೆಲೆಬಾಳುವ ಮಾತು ಅನಿಸಿದೆ. ಹೇನು ಮೈಮೇಲೆಯೇ ಸಂಸಾರ ಹೂಡುತ್ತದೆ. ಉಣ್ಣೆ ದಿನಗಟ್ಟಲೆ ಕಚ್ಚಿಕೊಂಡು ಕೂರುತ್ತದೆ. ತಿಗಣೆ ಹಾಗಲ್ಲ. ಐದು ಹತ್ತು ನಿಮಿಷ ರಕ್ತ ಹೀರಿ, ಮೈಬಿಟ್ಟು ಇಳಿದು, ಹತ್ತಿರದ ಬಿರುಕಿಗೆ ಹಿಂದಿರುಗುತ್ತದೆ. ರೆಕ್ಕೆಯಿಲ್ಲ, ಚಿಗಟದಂತೆ ನೆಗೆಯಲೂ ಬಾರದು. ಆದ್ದರಿಂದ ಅದಕ್ಕೆ ಬೇಕಾದದ್ದು ರಾತ್ರಿ ರಾತ್ರಿ ಅದೇ ಜಾಗಕ್ಕೆ ಮರಳಿ ಬರುವ ಜೀವಿ. ಗೂಡುಳ್ಳ ಹಕ್ಕಿ, ಗುಹೆಗೆ ಮರಳುವ ಬಾವಲಿ, ಮಂಚವುಳ್ಳ ಮನುಷ್ಯ. ಮೇವು ಹುಡುಕುತ್ತ ಅಲೆದಾಡುವ ದೊಡ್ಡ ಡೈನೊಸಾರ್ ಅದರ ಜೀವನಕ್ರಮಕ್ಕೆ ಒಗ್ಗುವುದಿಲ್ಲ. ಮೊದಲ ತಿಗಣೆ ಯಾರ ಗೂಡಿನಲ್ಲಿ ಬದುಕಿತು ಎಂಬ ಪ್ರಶ್ನೆ ಇನ್ನೂ ತೆರೆದೇ ಇದೆ.

ತಿಗಣೆ ಕಟ್ಟಿಕೊಂಡದ್ದು ನಮ್ಮ ಮೈಯನ್ನಲ್ಲ, ನಮ್ಮ ಹಾಸಿಗೆಯನ್ನು. ಇದು ತಿಳಿದರೆ ವಸತಿಗೃಹಗಳಲ್ಲಿ ಅವು ಏಕೆ ಹೆಚ್ಚು ಎಂಬುದೂ ತಿಳಿಯುತ್ತದೆ. ಮಲಗುವವರು ಬದಲಾಗುತ್ತಾರೆ, ಹಾಸಿಗೆ ಬದಲಾಗುವುದಿಲ್ಲ, ರಾತ್ರಿಯ ಊಟ ತಪ್ಪುವುದಿಲ್ಲ.

ನಮ್ಮವರು ಡೈನೊಸಾರ್ ನೋಡಲು ಅಷ್ಟು ದೂರ ಹೋಗಬೇಕೇ ಎಂದು ಕೇಳಬಹುದು. ಕರ್ನಾಟಕದ ಬಹುಪಾಲು ನೆಲ 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಡೈನೊಸಾರ್ ಮಾತಿರಲಿ, ಮೂಳೆಯುಳ್ಳ ಯಾವ ಪ್ರಾಣಿಯೂ ಇಲ್ಲದಿದ್ದ ಕಾಲದ್ದು. ಗುಜರಾತಿನ ಬಾಲಾಸಿನೋರ್ ಬಳಿಯ ರಾಯೋಲಿಯಲ್ಲಿ ಡೈನೊಸಾರ್ ಮೊಟ್ಟೆಗಳೂ ಮೂಳೆಗಳೂ ಸಿಕ್ಕಿವೆ, ಅದನ್ನು ಮೊದಲು ನೋಡುವುದು ಒಳ್ಳೆಯದೇ. ಆದರೆ ಮೂಳೆಗಳು ನೆಲದಿಂದ ತಾವಾಗಿ ಎದ್ದುಬರುವುದನ್ನು ನೋಡಬೇಕೆಂದರೆ ಆಲ್ಬರ್ಟಾದಂಥ ಜಾಗ ಕಡಿಮೆ.

ಕ್ಯಾಲ್ಗರಿಯಿಂದ ಡ್ರಮ್‌ಹೆಲರ್‌ಗೆ ಸುಮಾರು 135 ಕಿಲೋಮೀಟರ್. ದಾರಿಯುದ್ದಕ್ಕೂ ಮಟ್ಟಸವಾದ ಗೋಧಿ ಹೊಲಗಳು. ಇದ್ದಕ್ಕಿದ್ದಂತೆ ನೆಲ ಬಾಯ್ದೆರೆದು ಕೆಳಗೆ ಬೂದು, ಕಂದು, ಕಪ್ಪು ಪದರಗಳ ಕಣಿವೆ ಕಾಣುತ್ತದೆ. ಕಪ್ಪು ಪಟ್ಟಿ ಕಲ್ಲಿದ್ದಲಿನದು. ಇಲ್ಲಿ ಕಲ್ಲಿದ್ದಲು ಹುಡುಕುತ್ತ 1884ರಲ್ಲಿ ಬಂದ ಭೂವಿಜ್ಞಾನಿ ಜೋಸೆಫ್ ಬರ್ ಟಿರೆಲ್ ಅವರಿಗೆ ಮಾಂಸಾಹಾರಿ ಡೈನೊಸಾರ್ ಒಂದರ ತಲೆಬುರುಡೆ ಸಿಕ್ಕಿತು. ಮುಂದೆ ಅದಕ್ಕೆ ಆಲ್ಬರ್ಟೊಸಾರಸ್ ಎಂದು ಹೆಸರಾಯಿತು. 1985ರಲ್ಲಿ ತೆರೆದ ಮ್ಯೂಸಿಯಂಗೆ ಟಿರೆಲ್ ಹೆಸರು ಬಂದದ್ದು ಹೀಗೆ. ಅಲ್ಲಿಂದ ಸುಮಾರು ಎರಡು ಗಂಟೆಯ ದಾರಿಯಲ್ಲಿ ಡೈನೊಸಾರ್ ಪ್ರೊವಿನ್ಷಿಯಲ್ ಪಾರ್ಕ್ ಇದೆ. 1979ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ.

ಈಗ ಒಣಗಿ ಬಿರುಕುಬಿಟ್ಟಿರುವ ಆ ನೆಲ 7.5 ಕೋಟಿ ವರ್ಷಗಳ ಹಿಂದೆ ಕಡಲ ಅಂಚಿನ ಹಸಿರು ಬಯಲು. ನದಿಗಳು ತಂದು ಸುರಿದ ಮರಳು ಕೆಸರಿನಲ್ಲಿ ಸತ್ತ ಪ್ರಾಣಿಗಳು ಹೂತುಹೋದವು. ಹಿಮಯುಗದ ಕೊನೆಯಲ್ಲಿ ಕರಗಿದ ಹಿಮದ ನೀರು ಭೋರ್ಗರೆದು ಹರಿದು ಆ ಪದರಗಳನ್ನು ಕೊರೆಯಿತು. ಇಂದಿಗೂ ಪ್ರತಿ ಮಳೆ ಒಂದಿಷ್ಟು ಮಣ್ಣು ಕರಗಿಸಿ ಹೊಸ ಮೂಳೆಗಳನ್ನು ಹೊರಗೆ ಹಾಕುತ್ತದೆ. ಜ್ವಾಲಾಮುಖಿಯ ಬೂದಿಯಿಂದಾದ ಒಂದು ಬಗೆಯ ಜೇಡಿ ಅಲ್ಲಿ ಹೇರಳ. ಒದ್ದೆಯಾದರೆ ಕಾಲು ನಿಲ್ಲದು, ಮಳೆ ಬಂದಾಗ ಇಳಿಜಾರಿಗೆ ಹೋಗಬಾರದು. ಉದ್ಯಾನದ ಹೆಚ್ಚಿನ ಭಾಗಕ್ಕೆ ಮಾರ್ಗದರ್ಶಕರ ಜೊತೆಯಲ್ಲೇ ಪ್ರವೇಶ.

ಮೂಳೆ ಯಾವುದು, ಕಲ್ಲು ಯಾವುದು ಎಂದು ಬೇರ್ಪಡಿಸುವುದು ನೋಡುತ್ತ ನೋಡುತ್ತ ಬರುವ ವಿದ್ಯೆ. ಒಡೆದ ಮೂಳೆಯ ಅಡ್ಡಕೊಯ್ತದಲ್ಲಿ ಸಣ್ಣ ಸಣ್ಣ ರಂಧ್ರಗಳ ಜಾಲ ಕಾಣುತ್ತದೆ. ಕಿತ್ತಳೆ ಬಣ್ಣದ ಕಲ್ಲುಹೂ ಸುತ್ತಲಿನ ಕಲ್ಲಿಗಿಂತ ಮೂಳೆಯ ಮೇಲೆ ಹೆಚ್ಚು ಬೆಳೆಯುತ್ತದೆ. ಈ ಬಣ್ಣವನ್ನೇ ಗುರುತಾಗಿಟ್ಟುಕೊಂಡು ಡ್ರೋನ್‌ನಿಂದ ಮೂಳೆ ಹುಡುಕಬಹುದೆಂದು ಇತ್ತೀಚೆಗೆ ವಿಜ್ಞಾನಿಗಳು ತೋರಿಸಿದ್ದಾರೆ. ಕಂಡ ಮೂಳೆಯನ್ನು ಮುಟ್ಟದೆ ಫೋಟೊ ತೆಗೆದು, ಜಾಗ ಗುರುತಿಸಿ, ಸಿಬ್ಬಂದಿಗೆ ತಿಳಿಸಬೇಕು. ಉದ್ಯಾನದಿಂದ ಏನನ್ನೂ ಎತ್ತಿಕೊಳ್ಳುವಂತಿಲ್ಲ, ಪಳೆಯುಳಿಕೆಯನ್ನು ಅನುಮತಿಯಿಲ್ಲದೆ ಪ್ರಾಂತ್ಯದಿಂದಾಚೆ ಒಯ್ಯುವುದು ಕಾನೂನಿಗೆ ವಿರುದ್ಧ. ಇದು ಸರಿಯಾದ ಕಾನೂನು. ಇದ್ದ ಪದರದಿಂದ ಕಿತ್ತ ಮೂಳೆ ತನ್ನ ಕಾಲವನ್ನೂ ನೆರೆಹೊರೆಯನ್ನೂ ಕಳೆದುಕೊಳ್ಳುತ್ತದೆ.

ಹಗಲೆಲ್ಲ ಹೀಗೆ ಕುರುಹು ಹುಡುಕಿ ಬಂದವರು ರಾತ್ರಿ ಕೋಣೆ ಸೇರಿದಾಗಲೂ ಅದೇ ಕಣ್ಣನ್ನು ಇಟ್ಟುಕೊಳ್ಳಬೇಕು. ನಾವು ಆಲ್ಬರ್ಟಾ ನೋಡಲು ಹೋದಾಗ ಕ್ಯಾಲ್ಗರಿಯಲ್ಲಿರುವ ನನ್ನ ಅಕ್ಕನ ಮಗಳು ನಮ್ಮ ಜೊತೆ ಬಂದಿದ್ದಳು. ವಸತಿಗೃಹದ ಕೋಣೆಯ ಬಾಗಿಲು ತೆಗೆದೊಡನೆ, "ಚಿಕ್ಕಮ್ಮ, ಬ್ಯಾಗ್ ಮಂಚದ ಮೇಲೆ ಇಡಬೇಡಿ, ಬಚ್ಚಲುಮನೆಯಲ್ಲಿಡಿ" ಅಂದಳು. ನುಣ್ಣನೆಯ ಟೈಲ್ಸ್ ಮೇಲೆ ತಿಗಣೆಗೆ ಅಡಗಲು ಜಾಗವಿರುವುದಿಲ್ಲ. ಆಮೇಲೆ ಅವಳು ಮೊಬೈಲ್ ಟಾರ್ಚ್ ಹಿಡಿದು ಹಾಸಿಗೆಯ ನಾಲ್ಕು ಮೂಲೆಯ ಹೊದಿಕೆ ಸರಿಸಿ ಅಂಚಿನ ಹೊಲಿಗೆಯನ್ನು ಅಗಲಿಸಿ ನೋಡಿದಳು. ಮಂಚದ ತಲೆಕಡೆಯ ಹಲಗೆಯ ಹಿಂದೆಯೂ ನೋಡಿದಳು. ಅಲ್ಲಿ, ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳ ಸಾಲಿತ್ತು.

ಆ ಚುಕ್ಕೆಗಳು ತಿಗಣೆಯ ಮಲ, ಅಂದರೆ ಜೀರ್ಣವಾದ ರಕ್ತ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದುಗೆಂಪಾಗಿ ಹರಡುತ್ತದೆ. ಇನ್ನೊಂದು ಕುರುಹು ಪೊರೆ. ಮೊಟ್ಟೆಯಿಂದ ಹೊರಬಂದ ಮರಿ ದೊಡ್ಡದಾಗುವ ಮುನ್ನ ಐದು ಸಲ ಪೊರೆ ಕಳಚುತ್ತದೆ, ಪ್ರತಿ ಸಲವೂ ಅದಕ್ಕೆ ಮುಂಚೆ ಹೊಟ್ಟೆ ತುಂಬ ರಕ್ತ ಬೇಕು. ಹೊಲಿಗೆಯಲ್ಲಿ ಸಿಕ್ಕಿಕೊಂಡ ತಿಳಿಕಂದು ಬಣ್ಣದ ಪೊರೆಗಳು ಅವು ಅಲ್ಲಿ ಸಂಸಾರ ಹೂಡಿವೆ ಎಂಬುದಕ್ಕೆ ಸಾಕ್ಷಿ. ಬೆಳೆದ ತಿಗಣೆ 5ರಿಂದ 7 ಮಿಲಿಮೀಟರ್, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. 1 ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆಯನ್ನು ಮಾತ್ರ ಹುಡುಕಿ ನೋಡಬೇಕು. ಸಂಖ್ಯೆ ವಿಪರೀತವಾಗಿದ್ದರೆ ಒಂದು ಬಗೆಯ ವಾಸನೆಯೂ ಬರುತ್ತದೆ. ಕೊತ್ತಂಬರಿ ಸೊಪ್ಪಿನ ವಾಸನೆಗೆ ಕಾರಣವಾದ ಆಲ್ಡಿಹೈಡ್‌ಗಳ ಗುಂಪಿನವೇ ಅದರಲ್ಲೂ ಇರುತ್ತವೆ. ಮೈಮೇಲಿನ ಗಂದೆಯನ್ನು ಮಾತ್ರ ನಂಬಬಾರದು. ಕೆಲವರಿಗೆ ಕಚ್ಚಿದ ಗುರುತೇ ಏಳುವುದಿಲ್ಲ, ಕೆಲವರಿಗೆ ಎಷ್ಟೋ ದಿನ ಕಳೆದ ಮೇಲೆ ಏಳುತ್ತದೆ. ಅಷ್ಟರಲ್ಲಿ ಅವರು ಮೂರು ಊರು ದಾಟಿರುತ್ತಾರೆ.

ನಾವು ಕೆಳಗೆ ಹೋಗಿ ವಸತಿಗೃಹದವರಿಗೆ ಹೇಳಿದೆವು, ಫೋಟೊ ತೋರಿಸಿದೆವು, ಆ ಕೋಣೆಗೆ ಗೋಡೆ ಹಂಚಿಕೊಳ್ಳದ ಬೇರೆ ಕೋಣೆ ಕೇಳಿ ಪಡೆದೆವು. ಗೋಡೆಯ ಬಿರುಕು, ವಿದ್ಯುತ್ ತಂತಿಯ ಕೊಳವೆಗಳ ಮೂಲಕ ಅವು ಪಕ್ಕದ ಕೋಣೆಗೂ ಹೋಗಬಲ್ಲವು. ಸುಮ್ಮನೆ ಹೊರಟುಹೋಗುವವರೇ ಹೆಚ್ಚು ಎಂದು ಕಾಣುತ್ತದೆ. ನಾಚಿಕೆ, ಅಸಹ್ಯ, ತಮ್ಮ ಮೇಲೇ ಆರೋಪ ಬಂದೀತೆಂಬ ಅಂಜಿಕೆ. ತಿಗಣೆಗೆ ಕೊಳಕು ಬೇಕಿಲ್ಲ, ರಕ್ತ ಮತ್ತು ಬಿರುಕು ಸಾಕು. ಕೋಣೆ ಗುಡಿಸುವ ಹೆಂಗಸರ ಮೇಲೆ ರೇಗುವವರನ್ನು ನೋಡಿದ್ದೇನೆ, ಅದು ಅನ್ಯಾಯ. ತಂದವರು ಹಿಂದಿನ ಅತಿಥಿ, ಅವರಿಗೂ ಗೊತ್ತಿಲ್ಲದೆ. ಬಸುರಿಯಾದ ಒಂದೇ ಒಂದು ತಿಗಣೆ ಸೂಟ್‌ಕೇಸಿನಿಂದ ಇಳಿದರೆ ಇಡೀ ಸಂತಾನ ಅಲ್ಲಿಂದಲೇ ಬೆಳೆಯಬಹುದು. ಹಲವು ಕಟ್ಟಡಗಳ ತಿಗಣೆಗಳ ಡಿಎನ್‌ಎ ಪರೀಕ್ಷೆ ಇದನ್ನೇ ಹೇಳಿದೆ.

ಅವು ಸೂಟ್‌ಕೇಸು ಹತ್ತುವುದು ಹೇಗೆ? 2017ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಒಂದು ಸರಳ ಪ್ರಯೋಗ ಮಾಡಿದರು. ಕೋಣೆಯಲ್ಲಿ ತೊಟ್ಟು ಬಿಟ್ಟ ಬಟ್ಟೆಯ ಚೀಲಗಳನ್ನೂ ಒಗೆದ ಬಟ್ಟೆಯ ಚೀಲಗಳನ್ನೂ ಇಟ್ಟು ತಿಗಣೆ ಬಿಟ್ಟರು. ತೊಟ್ಟ ಬಟ್ಟೆಯ ಮೇಲೆ ಸೇರುವ ಸಾಧ್ಯತೆ ಎರಡು ಪಟ್ಟು ಇತ್ತು. ನಾವಿಲ್ಲದಿದ್ದರೂ ನಮ್ಮ ಬೆವರಿನ ವಾಸನೆ ಅವನ್ನು ಕರೆಯುತ್ತದೆ. ಪ್ರವಾಸದಲ್ಲಿ ಬಿಚ್ಚಿದ ಬಟ್ಟೆಯನ್ನು ಗಂಟು ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಡಿ ಎಂಬ ಸಲಹೆಯ ಹಿಂದಿರುವುದು ಇದೇ.

ತಮ್ಮ ತಮ್ಮೊಳಗೆ ಅವು ಒಟ್ಟುಗೂಡುವುದೂ ವಾಸನೆಯಿಂದಲೇ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಗೆರ್ಹಾರ್ಡ್ ಗ್ರೀಸ್ ಮತ್ತು ರೆಗಿನೆ ಗ್ರೀಸ್ ದಂಪತಿ ಈ ಗುಟ್ಟು ಬಿಡಿಸಲು ವರ್ಷಗಟ್ಟಲೆ ಕೆಲಸ ಮಾಡಿದರು. ಪ್ರಯೋಗಾಲಯದ ತಿಗಣೆಗಳಿಗೆ ರಕ್ತ ಬೇಕಲ್ಲ, ರೆಗಿನೆ ತಮ್ಮ ತೋಳನ್ನೇ ಒಡ್ಡಿದರು. ಕಡಿತಗಳ ಸಂಖ್ಯೆ 1,80,000 ದಾಟಿತು. ಅವರ ಮೈ ಕಡಿತಕ್ಕೆ ಅಷ್ಟಾಗಿ ಪ್ರತಿಕ್ರಿಯಿಸುತ್ತಿರಲಿಲ್ಲ ಎಂಬುದು ನೆರವಾಯಿತು. ಕೊನೆಗೆ ತಿಳಿದದ್ದು ಇಷ್ಟು: ಗಾಳಿಯಲ್ಲಿ ಹರಡುವ ಕೆಲವು ರಾಸಾಯನಿಕಗಳು ತಿಗಣೆಗಳನ್ನು ಹತ್ತಿರಕ್ಕೆ ಸೆಳೆಯುತ್ತವೆ, ಕಳಚಿದ ಪೊರೆಯಲ್ಲಿರುವ ಹಿಸ್ಟಮಿನ್ ಎಂಬ ರಾಸಾಯನಿಕ ಅವನ್ನು ಅಲ್ಲೇ ನಿಲ್ಲಿಸುತ್ತದೆ. ಈ ಮಿಶ್ರಣವಿಟ್ಟ ಬಲೆಯಲ್ಲಿ ತಿಗಣೆ ಬೀಳುತ್ತದೆ.

ಇಷ್ಟು ಕಷ್ಟಪಟ್ಟು ಬಲೆ ಹುಡುಕಬೇಕಾದ ಕಾರಣವಿದೆ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಸಿಂಪಡಿಸಿ ಶ್ರೀಮಂತ ದೇಶಗಳು ತಿಗಣೆಯನ್ನು ಹೆಚ್ಚುಕಡಿಮೆ ಮರೆತಿದ್ದವು. ಆದರೆ 1940ರ ದಶಕ ಮುಗಿಯುವ ಮೊದಲೇ ಹವಾಯಿಯಲ್ಲಿ ಡಿಡಿಟಿಗೆ ಬಗ್ಗದ ತಿಗಣೆಗಳು ಕಂಡವು. ಆಮೇಲೆ ಬಂದ ಪೈರಿಥ್ರಾಯ್ಡ್ ಕೀಟನಾಶಕಗಳಿಗೂ ಅವು ಒಗ್ಗಿಕೊಂಡವು. 1990ರ ದಶಕದ ಕೊನೆಯಿಂದ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಮತ್ತೆ ಹಬ್ಬಿದವು. 2023ರಲ್ಲಿ ಪ್ಯಾರಿಸ್ ನಗರ ಬೆಚ್ಚಿಬಿದ್ದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಒಂದು ಸಮಾಧಾನವಿದೆ. ಸೊಳ್ಳೆಯಂತೆ ತಿಗಣೆ ಮನುಷ್ಯರಿಗೆ ರೋಗ ಹಂಚುತ್ತದೆ ಎಂಬುದಕ್ಕೆ ದೃಢವಾದ ಪುರಾವೆ ಇಲ್ಲ. ಕೆಡುವುದು ನಿದ್ದೆ, ನೆಮ್ಮದಿ, ಕೆಲವರಿಗೆ ಚರ್ಮ.

ಅವು ಇನ್ನೂ ಗೆಲ್ಲಲಾಗದ್ದು ಶಾಖವನ್ನು. 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿಗಣೆ ಉಳಿಯುವುದು ಕಷ್ಟ, ಮೊಟ್ಟೆಗೆ ಇನ್ನಷ್ಟು ಶಾಖ ಅಥವಾ ಇನ್ನಷ್ಟು ಹೊತ್ತು ಬೇಕು. ವಿದೇಶದ ವಸತಿಗೃಹಗಳಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಸಾಮಾನ್ಯ. ಅದರ ಅತಿ ಹೆಚ್ಚಿನ ಶಾಖದಲ್ಲಿ ಅರ್ಧ ಗಂಟೆ ತಿರುಗಿಸಿದರೆ ಬಟ್ಟೆ ಸುರಕ್ಷಿತ. ಊರಿಗೆ ಬಂದ ಮೇಲೆ 60 ಡಿಗ್ರಿ ನೀರಿನಲ್ಲಿ ಒಗೆಯುವುದೂ ಆಗುತ್ತದೆ. ನಮ್ಮ ಹಿರಿಯರು ಮಂಚವನ್ನು ಬಿಸಿಲಿಗೆ ಹಾಕಿ ಕುದಿನೀರು ಸುರಿಯುತ್ತಿದ್ದರು. ಅದರಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಕುದಿನೀರು. ಬರೀ ಬಿಸಿಲಾದರೆ ಅವು ನೆರಳಿನ ಬಿರುಕಿಗೆ ಸರಿದು ಬದುಕಿಕೊಳ್ಳುತ್ತವೆ. ಸೂಟ್‌ಕೇಸನ್ನು ಮಲಗುವ ಕೋಣೆಗೆ ಒಯ್ಯದೆ ಹೊರಗೇ ಬಿಚ್ಚಿ, ಹೊಲಿಗೆ, ಜಿಪ್ಪು, ಚಕ್ರದ ಸಂದುಗಳಿಗೆ ಇಸ್ತ್ರಿಪೆಟ್ಟಿಗೆಯ ಹಬೆ ಹಾಯಿಸಬೇಕು. ಮೊಟ್ಟೆ ಒಡೆಯಲು ವಾರದಿಂದ ಹತ್ತು ದಿನ ಬೇಕಾಗುತ್ತದೆ, ಹಾಗಾಗಿ ಎರಡು ವಾರ ಬಿಟ್ಟು ಹಾಸಿಗೆಯ ಹೊಲಿಗೆಗಳನ್ನು ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಬೇಕು.