ಗಂಟೆಗೊಂದು ಗುರುತಿನ ಚೀಟಿ

2018ರ ಫೆಬ್ರುವರಿಯಲ್ಲಿ ರೆಡ್‌ಲಾಕ್ ಎಂಬ ಭದ್ರತಾ ಸಂಸ್ಥೆ ಆತಂಕದ ಸುದ್ದಿಯೊಂದನ್ನು ಬಹಿರಂಗಪಡಿಸಿತು. ವಿದ್ಯುತ್ ಕಾರುಗಳ ಟೆಸ್ಲಾ ಕಂಪನಿಯ ಒಂದು ಕ್ಯೂಬರ್ನೆಟೀಸ್ ಕ್ಲಸ್ಟರಿನ, ಅಂದರೆ ಒಟ್ಟಾಗಿ ದುಡಿಯುವ ಕಂಪ್ಯೂಟರುಗಳ ಗುಂಪಿನ, ನಿಯಂತ್ರಣ ಪುಟಕ್ಕೆ ಪಾಸ್‌ವರ್ಡ್ ಇರಲಿಲ್ಲ. ಅಲ್ಲಿಂದ ಒಳಹೊಕ್ಕವರು ಕಂಪನಿಯ ಕಂಪ್ಯೂಟರುಗಳನ್ನು ತಮ್ಮ ಕ್ರಿಪ್ಟೋ ನಾಣ್ಯದ ಗಣಿಗಾರಿಕೆಗೆ ದುಡಿಸಿಕೊಂಡರು. ಅಷ್ಟೇ ಆಗಿದ್ದರೆ ಹಣದ ನಷ್ಟ ಎನ್ನಬಹುದಿತ್ತು. ಆದರೆ ಒಳಗೆ ಅಮೆಜಾನ್ ಕ್ಲೌಡ್ ಖಾತೆಯ ಕೀಲಿಯೂ ಬಿದ್ದಿತ್ತು. ಕಾರುಗಳ ಮಾಹಿತಿ ತುಂಬಿದ್ದ ಉಗ್ರಾಣಕ್ಕೆ ಆ ಕೀಲಿ ಹೊಂದುತ್ತಿತ್ತು.

ಪಾಸ್‌ವರ್ಡ್ ಇಲ್ಲದ್ದು ಎಲ್ಲರ ಕಣ್ಣಿಗೂ ಬೀಳುವ ತಪ್ಪು. ನನ್ನನ್ನು ಹೆಚ್ಚು ಕಾಡುವುದು ಎರಡನೆಯದು. ಉಗ್ರಾಣದ ಕೀಲಿ ಅಲ್ಲೇಕೆ ಬಿದ್ದಿತ್ತು? ಪ್ರೋಗ್ರಾಮುಗಳೇ ಓಡಾಡುವ ಜಾಗದಲ್ಲಿ ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂದು ತೀರ್ಮಾನವಾಗುವುದು ಹೇಗೆ?

ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ಅದರ ಹಿಂದೆ ದುಡಿಯುವುದು ಒಂದೇ ದೊಡ್ಡ ಪ್ರೋಗ್ರಾಮ್ ಅಲ್ಲ. ಒಂದು ಸೀಟು ಹುಡುಕುತ್ತದೆ, ಒಂದು ಹಣ ಪಡೆಯುತ್ತದೆ, ಇನ್ನೊಂದು ಟಿಕೆಟ್ಟಿನ ಪ್ರತಿಯನ್ನು ಉಗ್ರಾಣದಲ್ಲಿಡುತ್ತದೆ, ಮತ್ತೊಂದು ಎಸ್‌ಎಂಎಸ್ ಕಳಿಸುತ್ತದೆ. ಪ್ರತಿಯೊಂದೂ ತನಗೆ ಬೇಕಾದ ಸಾಮಾನನ್ನೆಲ್ಲ ಜೊತೆಗೆ ಕಟ್ಟಿಕೊಂಡ ಗಂಟು, ಅದೇ ಕಂಟೇನರ್. ಇಂಥ ಸಾವಿರಾರು ಗಂಟುಗಳನ್ನು ಹತ್ತಾರು ಕಂಪ್ಯೂಟರುಗಳ ಮೇಲೆ ಹಂಚಿ, ಬಿದ್ದದ್ದನ್ನು ಎಬ್ಬಿಸಿ, ಹಬ್ಬದ ದಟ್ಟಣೆಗೆ ಹೆಚ್ಚಿಸಿ, ಆಮೇಲೆ ಇಳಿಸುವ ವ್ಯವಸ್ಥೆ ಕ್ಯೂಬರ್ನೆಟೀಸ್. 2014ರಲ್ಲಿ ಗೂಗಲ್ ಇದನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಹೆಸರು ಗ್ರೀಕ್ ಮೂಲದ್ದು, ಹಡಗಿನ ಚುಕ್ಕಾಣಿಗಾರ ಎಂಬ ಅರ್ಥ.

ಇಲ್ಲಿ ಕಂಟೇನರುಗಳು ನೆಲೆಸುವ ಪುಟ್ಟ ಘಟಕವೇ ಪಾಡ್. ಅದರ ಆಯುಸ್ಸು ಗಟ್ಟಿಯಲ್ಲ. ಬೆಳಿಗ್ಗೆ ಒಂದು ಯಂತ್ರದಲ್ಲಿದ್ದದ್ದು ಅಳಿದು, ಸಂಜೆ ಬೇರೆ ಯಂತ್ರದಲ್ಲಿ ಬೇರೆ ವಿಳಾಸದೊಂದಿಗೆ ಹೊಸದಾಗಿ ಹುಟ್ಟಬಹುದು. ಹಾಗಾಗಿ ‘ಈ ವಿಳಾಸದಿಂದ ಬಂದವರನ್ನು ಬಿಡಿ’ ಎಂಬ ಹಳೆಯ ಕಾವಲು ಇಲ್ಲಿ ನಡೆಯುವುದಿಲ್ಲ.

ಸುಲಭ ಉಪಾಯವೆಂದು ಹಲವರು ಹಿಡಿದ ದಾರಿ, ಯಂತ್ರಕ್ಕೇ ಅನುಮತಿ ಕೊಡುವುದು. ಕ್ಲೌಡ್‌ನ ಯಂತ್ರಗಳೊಳಗಿಂದ 169.254.169.254 ಎಂಬ ವಿಳಾಸವನ್ನು ಕೇಳಿದರೆ, ಆ ಯಂತ್ರಕ್ಕೆ ಕೊಟ್ಟ ತಾತ್ಕಾಲಿಕ ಕೀಲಿ ಸಿಗುತ್ತದೆ. ತೊಂದರೆಯಿರುವುದೂ ಅಲ್ಲೇ. ಅಡ್ಡಿ ಹಾಕದಿದ್ದರೆ ಅದೇ ಯಂತ್ರದಲ್ಲಿರುವ ಎಸ್‌ಎಂಎಸ್ ಪಾಡ್ ಕೂಡ ಕೇಳಬಹುದು, ಉಗ್ರಾಣದ ಕೀಲಿ ಅದಕ್ಕೂ ಸಿಗುತ್ತದೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಆಕ್ರಮಣಕಾರರ ಕೈಗೆ ಕೀಲಿ ಸಿಕ್ಕಿದ್ದು ಇದೇ ವಿಳಾಸದಿಂದ. ತಪ್ಪಾಗಿ ಹೊಂದಿಸಿದ್ದ ಫೈರ್‌ವಾಲ್ ಮೂಲಕ ಯಂತ್ರದ ಕೀಲಿ ಹೊರಹೋಯಿತು. ಆ ಕೀಲಿಗೆ ಅಗತ್ಯಕ್ಕಿಂತ ಹೆಚ್ಚು ಬಾಗಿಲುಗಳು ತೆರೆಯುತ್ತಿದ್ದವು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಬಯಲಾಯಿತು.

ಆದ್ದರಿಂದ ಗುರುತು ಯಂತ್ರಕ್ಕಲ್ಲ, ಕೆಲಸಕ್ಕೆ ಅಂಟಬೇಕು. ಕ್ಯೂಬರ್ನೆಟೀಸ್‌ನಲ್ಲಿ ಇದಕ್ಕೆ ಸರ್ವಿಸ್ ಅಕೌಂಟ್ ಎಂಬ ಏರ್ಪಾಡಿದೆ. ‘ಟಿಕೆಟ್ ಇಡುವವನು’ ಎಂಬ ಹೆಸರಿನಲ್ಲಿ ಒಂದು ಖಾತೆ ತೆರೆದು ಪಾಡನ್ನು ಅದರಡಿ ಓಡಿಸಿದರೆ, ಪಾಡ್ ಹುಟ್ಟಿದಾಗಲೇ ಅದರ ಕೈಗೊಂದು ಚೀಟಿ ಬರುತ್ತದೆ. ಈ ಟೋಕನ್ ಚೀಟಿಯಲ್ಲಿ ಖಾತೆಯ ಹೆಸರು, ಯಾರಿಗೆ ತೋರಿಸಲು ಕೊಟ್ಟದ್ದು, ಎಷ್ಟು ಹೊತ್ತು ನಡೆಯುತ್ತದೆ ಎಂಬ ವಿವರಗಳ ಜೊತೆ ಕ್ಲಸ್ಟರಿನ ಡಿಜಿಟಲ್ ಸಹಿಯಿರುತ್ತದೆ. ಮೊದಲೆಲ್ಲ ಪ್ರತಿ ಖಾತೆಗೂ ಅವಧಿಯೇ ಇಲ್ಲದ ಚೀಟಿ ತಾನಾಗಿಯೇ ತಯಾರಾಗುತ್ತಿತ್ತು. 2022ರ 1.24ನೇ ಆವೃತ್ತಿಯಿಂದ ಅದು ನಿಂತಿದೆ. ಈಗಿನ ಪದ್ಧತಿಯಲ್ಲಿ ಬೇಡಿ ಪಡೆಯುವ ಚೀಟಿಗೆ, ಬೇರೆ ಅವಧಿ ಹೇಳದಿದ್ದರೆ, ಒಂದು ಗಂಟೆಯ ಆಯುಸ್ಸು. ಅವಧಿಯ ಶೇ. 80 ಕಳೆಯುತ್ತಲೇ ಹೊಸ ಚೀಟಿ ತಾನಾಗಿ ಬರುತ್ತದೆ. ಪಾಡ್ ಅಳಿದುಹೋದರೆ ಅದರ ಚೀಟಿಯನ್ನು ಕ್ಲಸ್ಟರ್ ಒಪ್ಪುವುದಿಲ್ಲ.

ಉಗ್ರಾಣವಿರುವುದು ಕ್ಲಸ್ಟರಿನ ಆಚೆ, ಕ್ಲೌಡ್ ಕಂಪನಿಯ ಆಳ್ವಿಕೆಯಲ್ಲಿ. ಅಲ್ಲಿ ಈ ಚೀಟಿ ನಡೆಯಬೇಕಾದರೆ ನಂಬಿಕೆಯ ಕೊಂಡಿ ಬೇಕು. ಕ್ಲಸ್ಟರ್ ತನ್ನ ಸಹಿ ಪರೀಕ್ಷಿಸುವ ಸಾರ್ವಜನಿಕ ಕೀಲಿಯನ್ನು ಮೊದಲೇ ಪ್ರಕಟಿಸಿರುತ್ತದೆ. ಪಾಡ್ ಚೀಟಿ ತೋರಿಸಿದಾಗ ಕ್ಲೌಡ್ ಸಹಿಯನ್ನು ತಾಳೆ ನೋಡಿ, ಆ ಖಾತೆಗೆ ಮೀಸಲಾದ ಪಾತ್ರಕ್ಕೆ, ಅಂದರೆ ಅನುಮತಿಗಳ ಕಟ್ಟಿಗೆ, ಮಾತ್ರ ಸಲ್ಲುವ ತಾತ್ಕಾಲಿಕ ಕೀಲಿ ಕೊಡುತ್ತದೆ. 2019ರಲ್ಲಿ ಅಮೆಜಾನ್ ತನ್ನ ಕ್ಲಸ್ಟರುಗಳಿಗೆ ಈ ದಾರಿ ತೆರೆಯಿತು. ಗೂಗಲ್ ಮತ್ತು ಮೈಕ್ರೋಸಾಫ್ಟ್ ಕ್ಲೌಡ್‌ಗಳಲ್ಲೂ ‘ವರ್ಕ್‌ಲೋಡ್ ಐಡೆಂಟಿಟಿ’ ಹೆಸರಿನಲ್ಲಿ ಇಂಥದೇ ವ್ಯವಸ್ಥೆಯಿದೆ. ಈ ವ್ಯವಹಾರದಲ್ಲಿ ಶಾಶ್ವತ ಕೀಲಿಯನ್ನು ಪಾಡಿನೊಳಗೆ ಬರೆದಿಡುವ ಪ್ರಸಂಗವೇ ಬರುವುದಿಲ್ಲ.

ಗುರುತು ಸಿಕ್ಕಿತು ಎಂದರೆ ಅನುಮತಿ ಸಿಕ್ಕಿತು ಎಂದಲ್ಲ. ಕ್ಲಸ್ಟರಿನೊಳಗಿನ ಅನುಮತಿಯ ನಿಯಮ ಶಾಲೆಯಲ್ಲಿ ಕಲಿತ ವ್ಯಾಕರಣದಂತಿದೆ. ಕರ್ತೃ, ಕರ್ಮ, ಕ್ರಿಯಾಪದ: ಯಾರು, ಯಾವುದನ್ನು, ಏನು ಮಾಡಬಹುದು. ಕ್ರಿಯಾಪದಗಳೂ ಬೆರಳೆಣಿಕೆಯವು: ಓದು, ಪಟ್ಟಿ ಮಾಡು, ಗಮನಿಸು, ಸೃಷ್ಟಿಸು, ಬದಲಿಸು, ಅಳಿಸು. ವಿಶೇಷವೆಂದರೆ ಈ ವ್ಯಾಕರಣದಲ್ಲಿ ನಿಷೇಧಾರ್ಥಕ ರೂಪವೇ ಇಲ್ಲ. ‘ಮಾಡಬಾರದು’ ಎಂದು ಬರೆಯಲು ಬರುವುದಿಲ್ಲ. ಹೇಳದೇ ಉಳಿದದ್ದೆಲ್ಲ ನಿಷಿದ್ಧ. ಹಾಗಾಗಿ ಒಮ್ಮೆ ಧಾರಾಳವಾಗಿ ಕೊಟ್ಟದ್ದನ್ನು ಇನ್ನೊಂದು ನಿಯಮದಿಂದ ಕಡಿತಗೊಳಿಸಲಾಗದು, ಕೊಟ್ಟ ನಿಯಮವನ್ನೇ ತಿದ್ದಬೇಕು.

ಪದಗಳ ಅರ್ಥವನ್ನೂ ಎಚ್ಚರದಿಂದ ಓದಬೇಕು. ಗುಪ್ತ ಮಾಹಿತಿಯನ್ನು ‘ಪಟ್ಟಿ ಮಾಡು’ ಎಂಬುದು ಬರೀ ಹೆಸರು ತೋರಿಸುವ ಅನುಮತಿಯಂತೆ ಕಾಣುತ್ತದೆ, ಆದರೆ ಪಟ್ಟಿಯ ಜೊತೆ ಗುಟ್ಟುಗಳೇ ಬರುತ್ತವೆ. ಕ್ಲಸ್ಟರಿನ ಒಂದು ವಿಭಾಗದಲ್ಲಿ ‘ಪಾಡ್ ಸೃಷ್ಟಿಸು’ ಎಂಬ ಅನುಮತಿ ಇದ್ದವರು ಅದೇ ವಿಭಾಗದ ಯಾವ ಸರ್ವಿಸ್ ಅಕೌಂಟಿನ ಹೆಸರಿನಲ್ಲಾದರೂ ಪಾಡ್ ಎಬ್ಬಿಸಿ, ಅದರ ಅಧಿಕಾರವನ್ನೆಲ್ಲ ತಮ್ಮದಾಗಿಸಿಕೊಳ್ಳಬಹುದು.

ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಎಂಬ ತತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಬರೆದಿದ್ದರು. ಇಷ್ಟು ಹಳೆಯ ಮಾತು ಇಂದಿಗೂ ಕೈಗೂಡದಿರುವುದೇಕೆ? ಅನುಮತಿ ಕಡಿಮೆಯಾದರೆ ಕೆಲಸ ನಿಲ್ಲುತ್ತದೆ, ಮಧ್ಯರಾತ್ರಿಯಾದರೂ ಫೋನ್ ಬರುತ್ತದೆ, ಯಾರೋ ಎದ್ದು ಎಲ್ಲಕ್ಕೂ ಅನುಮತಿ ಎಂಬ ನಕ್ಷತ್ರ ಚಿಹ್ನೆ ಹಾಕಿ ಮಲಗುತ್ತಾರೆ. ಹೆಚ್ಚಾದ ಅನುಮತಿ ಯಾರನ್ನೂ ಎಬ್ಬಿಸುವುದಿಲ್ಲ. ಊರು ಸೂರೆ ಹೋಗುವವರೆಗೂ ದಿಡ್ಡಿ ಬಾಗಿಲು ತೆರೆದಿದ್ದದ್ದು ತಿಳಿಯುವುದಿಲ್ಲ.

ಒಂದು ಗಂಟೆಯ ಚೀಟಿ ಕಳ್ಳತನವನ್ನು ಪೂರ್ತಿ ತಡೆಯದು. ಪಾಡಿನೊಳಗೇ ಕೂತ ಕಳ್ಳನ ಕೈಗೆ ಹೊಸ ಚೀಟಿಯೂ ಬರುತ್ತದೆ. ಆದರೆ ಅವನು ಹೊತ್ತೊಯ್ದ ಪ್ರತಿ ಬೇಗ ಸಾಯುತ್ತದೆ, ಇದ್ದಷ್ಟು ಹೊತ್ತೂ ಒಂದೇ ಬಾಗಿಲು ತೆರೆಯುತ್ತದೆ. ಹೀಗೆ ಹಾನಿಗೆ ಎಲ್ಲೆ ಹಾಕಬಹುದು. ಕ್ಯೂಬರ್ನೆಟೀಸ್‌ನಲ್ಲಿ ‘ಕ್ಯಾನ್ ಐ’ ಎಂಬ ಆಜ್ಞೆಯೊಂದಿದೆ, ‘ನಾನು ಮಾಡಬಹುದೇ?’ ಎಂದರ್ಥ. ಪ್ರತಿ ಖಾತೆಯ ಪರವಾಗಿಯೂ ಈ ಪ್ರಶ್ನೆ ಕೇಳಲು ಬರುತ್ತದೆ. ಕ್ಲಸ್ಟರ್ ನೋಡಿಕೊಳ್ಳುವವರು ಆಗಾಗ ಕೇಳಲಿ. ಎಸ್‌ಎಂಎಸ್ ಕಳಿಸುವ ಪಾಡಿನ ಪರವಾಗಿ ‘ಗುಟ್ಟುಗಳನ್ನು ಓದಬಹುದೇ?’ ಎಂದಾಗ ‘ಹೌದು’ ಎಂಬ ಉತ್ತರ ಬಂದರೆ, ಕೆಲಸವೇನೂ ನಿಂತಿರದಿದ್ದರೂ ಅಂದೇ ಅದನ್ನು ತಿದ್ದಲಿ.