ರಜೆ ಹಾಕದ ಮನುಷ್ಯ

ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುವ ನಮ್ಮಂಥವರಿಗೆ ಬೇರೆ ಲೆಕ್ಕ ಮರೆತರೂ ಉಳಿದಿರುವ ಕ್ಯಾಶುಯಲ್ ಲೀವಿನ ಲೆಕ್ಕ ಮರೆಯುವುದಿಲ್ಲ. ಹೀಗಿರುವಾಗ ಹದಿನಾಲ್ಕು ವರ್ಷ ಒಂದು ದಿನವೂ ಕೆಲಸ ತಪ್ಪಿಸದವನೊಬ್ಬನಿದ್ದನೆಂದರೆ ನಮಗೆ ಕುತೂಹಲವಾಗುವುದು ಸಹಜವೇ. ಆತ ಅಮೆರಿಕದ ಬೇಸ್‌ಬಾಲ್ ಆಟಗಾರ ಲೂ ಗೆರಿಗ್. ಈ ಆಟ ನಮ್ಮ ಕ್ರಿಕೆಟ್ಟಿನ ದಾಯಾದಿಯೆಂದರೆ ಸಾಕು. ನ್ಯೂಯಾರ್ಕ್ ಯಾಂಕೀಸ್ ತಂಡ 1925ರಿಂದ 1939ರವರೆಗೆ ಒಂದಾದ ಮೇಲೊಂದರಂತೆ ಆಡಿದ 2,130 ಪಂದ್ಯಗಳಲ್ಲಿ ಆತ ಒಂದನ್ನೂ ಬಿಡಲಿಲ್ಲ.

ಲೂ ಹುಟ್ಟಿದ್ದು 1903ರ ಜೂನ್ 19ರಂದು, ನ್ಯೂಯಾರ್ಕಿನ ಯಾರ್ಕ್‌ವಿಲ್ ಎಂಬ ಕೇರಿಯಲ್ಲಿ. ತಂದೆ ಹೈನ್‌ರಿಶ್, ತಾಯಿ ಕ್ರಿಸ್ಟಿನಾ. ಇಬ್ಬರೂ ಬದುಕನ್ನರಸಿ ಜರ್ಮನಿಯಿಂದ ಬಂದವರು. ತಂದೆಗೆ ತಗಡಿನ ಕೆಲಸ ಗೊತ್ತಿತ್ತು. ಆದರೆ ಕಾಯಿಲೆ, ಕುಡಿತಗಳಿಂದಾಗಿ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಹುಟ್ಟಿದ ನಾಲ್ಕು ಮಕ್ಕಳಲ್ಲಿ ಮೂರು ಎಳವೆಯಲ್ಲಿಯೇ ತೀರಿಕೊಂಡವು. ಉಳಿದ ಒಬ್ಬ ಮಗನಿಗಾಗಿ ತಾಯಿ ಕಂಡವರ ಮನೆಯಲ್ಲಿ ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ಸಂಸಾರ ತೂಗಿಸಿದಳು. ಮನೆಯಲ್ಲಿ ಜರ್ಮನ್, ಬೀದಿಯಲ್ಲಿ ಇಂಗ್ಲಿಷ್. ಹೊರನಾಡ ಕನ್ನಡಿಗರಾದ ನಮಗೆ ಈ ಬಗೆಯ ಬಾಳು ಹೊಸದೇನೂ ಅಲ್ಲ. ಆದರೆ 1917ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಮನೆಮಾತಿನ ಮೇಲೆಯೇ ಜನರ ಸಂಶಯದ ಕಣ್ಣು ಬಿದ್ದಿತು. ಹುಡುಗನಿಗೆ ಆಗಿನ್ನೂ ಹದಿನಾಲ್ಕು ತುಂಬಿರಲಿಲ್ಲ.

ಮಗ ಇಂಜಿನಿಯರ್ ಆಗಬೇಕೆಂಬುದು ತಾಯಿಯ ಹಂಬಲ. ಅವನು ಕೊಲಂಬಿಯಾ ವಿಶ್ವವಿದ್ಯಾಲಯವನ್ನೇನೋ ಸೇರಿದ. ಅಲ್ಲಿಯ ವಿದ್ಯಾರ್ಥಿಗಳ ವಸತಿಯೊಂದರಲ್ಲಿ ಅಡಿಗೆಯವಳಾಗಿ ಆಕೆಯೂ ದುಡಿದವಳೇ. ಆದರೆ ಮನೆಯಲ್ಲಿ ಕಾಯಿಲೆ, ಕೈಯಲ್ಲಿ ಕಾಸಿಲ್ಲ. 1923ರಲ್ಲಿ ಯಾಂಕೀಸ್ ತಂಡ 1,500 ಡಾಲರ್ ಮುಂದಿಟ್ಟಿತು. ಲೂ ಓದು ಬಿಟ್ಟ. ಚೆಂಡಾಟದಿಂದ ಹೊಟ್ಟೆ ಹೊರೆಯುವುದೆಂದರೆ ಯಾವ ತಾಯಿಗೆ ತಾನೆ ಹಿಡಿಸೀತು?

1925ರ ಜೂನ್ 1ರಂದು ಆತನ ಸರದಿ ತೊಡಗಿತು. ಮರುದಿನ ವಾಲಿ ಪಿಪ್ ಎಂಬ ಆಟಗಾರನ ಸ್ಥಾನಕ್ಕೆ ಬದಲಿಯಾಗಿ ನಿಂತವನು ಆ ಜಾಗವನ್ನು ಮತ್ತೆ ಬಿಟ್ಟುಕೊಡಲಿಲ್ಲ. ಜ್ವರ ಬರಲಿ, ಬೆರಳು ಮುರಿಯಲಿ, ಹಾಜರಿ ತಪ್ಪದು. 1932ರಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದ. 1933ರಲ್ಲಿ ಚಿಕಾಗೋದ ಎಲಿನೋರ್ ಎಂಬಾಕೆಯನ್ನು ಮದುವೆಯಾದ. ಏಕಮಾತ್ರ ಪುತ್ರನ ತಾಯಿಗೆ ಸೊಸೆ ಒಪ್ಪಿಗೆಯಾಗಲಿಲ್ಲ. ಅತ್ತೆ ಸೊಸೆಯರ ಮನಸ್ತಾಪಕ್ಕೆ ಯಾವ ದೇಶವಾದರೇನು!

1938ರಲ್ಲಿಯೇ ಆತನ ಮೈಯ ಕಸುವು ಕುಂದತೊಡಗಿತ್ತು. 1939ರ ಮೇ 2ರಂದು ಡೆಟ್ರಾಯಿಟ್ ನಗರದಲ್ಲಿ ಮ್ಯಾನೇಜರ್ ಜೋ ಮೆಕಾರ್ಥಿಯ ಬಳಿಗೆ ತಾನಾಗಿಯೇ ಹೋಗಿ, ಈ ಹೊತ್ತು ನನ್ನನ್ನು ಕೈಬಿಡಿ ಎಂದ. ಯಾರೂ ಹೇಳಿರಲಿಲ್ಲ, ತನ್ನಿಂದ ತಂಡಕ್ಕೆ ಹೊರೆಯಾಗಬಾರದೆಂದು ತಾನೇ ಕಂಡುಕೊಂಡ. ಮುಂದಿನ ತಿಂಗಳು, ಮೂವತ್ತಾರನೆಯ ಹುಟ್ಟುಹಬ್ಬದ ದಿನವೇ, ಮೇಯೋ ಆಸ್ಪತ್ರೆಯ ವೈದ್ಯರು ರೋಗದ ಹೆಸರು ಹೇಳಿದರು. ಎ.ಎಲ್.ಎಸ್. ಎಂಬ ಈ ವ್ಯಾಧಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಬುದ್ಧಿ ಮಾತ್ರ ಬಹುಮಟ್ಟಿಗೆ ಎಚ್ಚರವಾಗಿಯೇ ಇರುತ್ತದೆ.

ಜುಲೈ 4ರಂದು ಅರುವತ್ತು ಸಾವಿರ ಜನರೆದುರು ವಿದಾಯ. ತನ್ನಷ್ಟು ಭಾಗ್ಯವಂತ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲವೆಂದು ಆತ ಹೇಳಿದ. ಓದಿಸಲೆಂದು ಬಾಳೆಲ್ಲ ದುಡಿದ ತಂದೆತಾಯಿ, ಬೆನ್ನಿಗೆ ನಿಂತ ಹೆಂಡತಿ, ಮಗಳೊಡನೆ ಜಗಳವಾದರೆ ಅಳಿಯನ ಪಕ್ಷ ವಹಿಸುವ ಅತ್ತೆ, ಮೈದಾನ ನೋಡಿಕೊಳ್ಳುವ ಕೆಲಸಗಾರರು, ಯಾರನ್ನೂ ಆತ ಮರೆಯಲಿಲ್ಲ.

ಇದಕ್ಕಿಂತಲೂ ನಮ್ಮ ಮನಸ್ಸನ್ನು ತಟ್ಟಿದ್ದು ಮುಂದಿನ ಸಂಗತಿ. 1940ರ ಜನವರಿಯಲ್ಲಿ ಲೂ ನ್ಯೂಯಾರ್ಕ್ ನಗರಾಡಳಿತದ ನೌಕರಿಗೆ ಸೇರಿದ. ಅವಧಿಗೆ ಮೊದಲೇ ಕೈದಿಗಳನ್ನು ಬಿಡಬಹುದೆ ಎಂಬುದನ್ನು ವಿಚಾರಿಸುವ ಮಂಡಲಿಯ ಕೆಲಸವದು. ಕಾಗದಪತ್ರಗಳಿಗೆ ರುಜು ಹಾಕಲು ಬೆರಳು ಬಾರದಾದಾಗ ಎಲಿನೋರ್ ಕೈಹಿಡಿದು ಬರೆಯಿಸುತ್ತಿದ್ದಳು. ಸಾಯುವುದಕ್ಕೆ ಒಂದು ತಿಂಗಳ ಮುಂಚೆಯಷ್ಟೆ, ಸದ್ದಿಲ್ಲದೆ, ಆ ಕೆಲಸಕ್ಕೆ ರಾಜೀನಾಮೆ ಕೊಟ್ಟ.

1941ರ ಜೂನ್ 2ರಂದು ಆತ ತೀರಿಕೊಂಡಾಗ ವಯಸ್ಸು ಮೂವತ್ತೇಳು. ಪಿಪ್‌ನ ಬದಲಿಗೆ ನಿಂತು ಸರಿಯಾಗಿ ಹದಿನಾರು ವರ್ಷ. ಮಕ್ಕಳಿರಲಿಲ್ಲ. ತಂದೆ 1946ರವರೆಗೆ, ತಾಯಿ 1954ರವರೆಗೆ ಬದುಕಿದ್ದರು. ಹೆತ್ತ ನಾಲ್ವರನ್ನೂ ಕಳೆದುಕೊಂಡ ತಾಯಿ ಆಕೆ. ಎಲಿನೋರ್ ಮರುಮದುವೆಯಾಗದೆ, 1984ರಲ್ಲಿ ತೀರಿಕೊಳ್ಳುವ ತನಕ, ಆ ರೋಗದ ಸಂಶೋಧನೆಗೆ ನೆರವಾದಳು. ರೋಗದ ವೇಗವನ್ನು ತುಸು ತಗ್ಗಿಸುವ ಔಷಧಿಗಳು ಈಗ ಬಂದಿವೆ. ಗುಣಪಡಿಸುವಂಥದು ಇನ್ನೂ ಬಂದಿಲ್ಲ.

2,130ರ ದಾಖಲೆಯನ್ನು 1995ರಲ್ಲಿ ಕಾಲ್ ರಿಪ್ಕೆನ್ ಮುರಿದ. ದಾಖಲೆಗಳಿರುವುದೇ ಮುರಿಯುವುದಕ್ಕೆ. ಆದರೆ ಶಕ್ತಿಯಿರುವವರೆಗೆ ತಪ್ಪದೆ ದುಡಿದು, ಶಕ್ತಿ ಕುಂದಿದ ದಿನ ತಾನಾಗಿಯೇ ಜಾಗ ಬಿಟ್ಟುಕೊಟ್ಟು, ಮನೆಯವರ ಋಣವನ್ನು ನಾಲ್ಕು ಜನರೆದುರು ನೆನೆದವನ ಹೆಸರು ಹಾಗೆ ಅಳಿಸಿಹೋಗುವುದಿಲ್ಲವೆಂದು ನಮಗೆ ತೋರುತ್ತದೆ.